‘ಋ’ ಮೇಲೊಂದು ಬೀಗ

ತಂಗಿಯ ಮಗಳಿಗೆ ಐದು ವರ್ಷ. ಮೊನ್ನೆ ಟ್ಯಾಬ್ ಹಿಡಿದುಕೊಂಡು ಬಂದು, "ಮಾಮ, ಈ ಬೀಗ ತೆಗಿ" ಅಂದಳು. ಅಕ್ಷರ ಕಲಿಸುವ ಆಪ್. ‘ಅ’ದಿಂದ ‘ಊ’ವರೆಗೆ ಪುಕ್ಕಟೆ. ‘ಋ’ ಮೇಲೆ ಹಳದಿ ಬೀಗ. ಒತ್ತಿದರೆ ವರ್ಷದ ಚಂದಾ ಕೇಳುತ್ತದೆ. ವರ್ಣಮಾಲೆಯನ್ನೂ ಕಂತಿನಲ್ಲಿ ಮಾರಬಹುದೆಂದು ನನಗೆ ಹೊಳೆದದ್ದು ಆಗಲೇ.

ಬೀಗ ಎಲ್ಲಿ ಬೀಳಬೇಕೆಂದು ಗೊತ್ತುಮಾಡುವವರು ಪಾಠ ಬರೆದವರಲ್ಲ, ಆಪ್‌ನ ಒಡೆಯರು. 2016ರಲ್ಲಿ ಮಕ್ಕಳ ಆಪ್ ಮಾಡುವ ಎರಡು ಹೆಸರಾಂತ ಸಂಸ್ಥೆಗಳು ಕೈಬದಲಾದವು. ಎರಡರ ದಾರಿಯೂ ನೋಡುವಂಥದ್ದು.

ಒಂದು ಸ್ವೀಡನ್ನಿನ ಟೋಕಾ ಬೋಕಾ. ಬೊನ್ನಿಯರ್ ಎಂಬ ಮಾಧ್ಯಮ ಸಂಸ್ಥೆಯ ಮಡಿಲಲ್ಲಿ ಹುಟ್ಟಿದ್ದು. ಅದರ ಅಡುಗೆಮನೆ ಆಟದಲ್ಲಿ ಮಗು ತರಕಾರಿ ಹುರಿದೋ ಬೇಯಿಸಿಯೋ ಬಡಿಸಿದರೆ, ತಿನ್ನುವವನು ಮುಖ ಅರಳಿಸುತ್ತಾನೆ ಇಲ್ಲವೇ ಸಿಂಡರಿಸುತ್ತಾನೆ. ಅಂಕವಿಲ್ಲ, ಸೋಲು ಗೆಲುವಿಲ್ಲ. ಆಗೆಲ್ಲ ಒಮ್ಮೆ ದುಡ್ಡು ಕೊಟ್ಟರೆ ಮುಗಿಯುತ್ತಿತ್ತು, ಒಳಗೆ ಮಾರಾಟವಿರಲಿಲ್ಲ. ಇದನ್ನು ಕೊಂಡದ್ದು ಕೆನಡಾದ ಆಟಿಕೆ ಕಂಪನಿ ಸ್ಪಿನ್ ಮಾಸ್ಟರ್. 2018ರಲ್ಲಿ ಟೋಕಾ ಲೈಫ್ ವರ್ಲ್ಡ್ ಎಂಬ ಹೆಸರಿನಲ್ಲಿ ಬಂದ ಅದರ ಆಟಕ್ಕೆ ಇಳಿಸಿಕೊಳ್ಳಲು ಕಾಸಿಲ್ಲ, ಆದರೆ ಹೊಸ ಮನೆ, ಹೊಸ ಅಂಗಡಿ, ಹೊಸ ಗೊಂಬೆಗಳೆಲ್ಲ ಬಿಡಿಬಿಡಿಯಾಗಿ ಮಾರಾಟಕ್ಕಿವೆ. ಶುಕ್ರವಾರ ಉಡುಗೊರೆ ಬರುತ್ತದೆ. ಮಗು ಮತ್ತೆ ಇಣುಕಬೇಕಲ್ಲ! ತಪ್ಪನ್ನೆಲ್ಲ ಹೊಸ ಒಡೆಯರ ತಲೆಗೆ ಕಟ್ಟುವುದೂ ಸರಿಯಲ್ಲ. ಆಪ್‌ಗೆ ಮುಂಗಡ ದುಡ್ಡು ಕೊಡುವ ಅಭ್ಯಾಸವೇ ಜನರಲ್ಲಿ ಕಡಿಮೆಯಾಗಿತ್ತು. ಆದರೂ ಗೊಂಬೆ ಮಾರಿ ಬೆಳೆದವರಿಗೆ ಪರದೆಯ ಮೇಲೂ ಗೊಂಬೆ ಮಾರುವುದು ಸಲೀಸು.

ಇನ್ನೊಂದು ಅಮೆರಿಕದ ಡಕ್ ಡಕ್ ಮೂಸ್. ಅದು ಸೇರಿದ್ದು ಲಾಭಕ್ಕಾಗಿ ನಡೆಯದ ಖಾನ್ ಅಕಾಡೆಮಿಯನ್ನು. ಅಲ್ಲಿಯವರೆಗೆ ಬೆಲೆಯಿದ್ದ ಅದರ ಆಪ್‌ಗಳು ಉಚಿತವಾದವು. ಅದೇ ತಂಡ 2018ರಲ್ಲಿ ಖಾನ್ ಅಕಾಡೆಮಿ ಕಿಡ್ಸ್ ತಂದಿತು. ಜಾಹೀರಾತಿಲ್ಲ, ಚಂದಾ ಇಲ್ಲ, ಖರ್ಚಿಗೆ ದೇಣಿಗೆ. ಮಗುವಿನ ಹಟದಿಂದ ಇವರಿಗೆ ಬರುವುದೇನೂ ಇಲ್ಲ, ಹಾಗಾಗಿ ಹಟ ಹುಟ್ಟಿಸುವ ಗುಂಡಿಯೂ ಇಲ್ಲ.

ಹೂಡಿಕೆದಾರರ ಹಣದ ಕತೆ ಬೇರೆ. ಅಂಥ ಹಣದಲ್ಲಿ ಬೆಳೆದ ನಮ್ಮ ಬೆಂಗಳೂರಿನ ಬೈಜೂಸ್ 2021ರಲ್ಲಿ ಎಪಿಕ್ ಎಂಬ ಮಕ್ಕಳ ಓದಿನ ಆಪ್ ಅನ್ನು 50 ಕೋಟಿ ಡಾಲರಿಗೆ ಕೊಂಡಿತು. ಕಂಪನಿ ಮುಗ್ಗರಿಸಿದ ಮೇಲೆ, 2025ರಲ್ಲಿ, ಅಮೆರಿಕದ ದಿವಾಳಿ ಪ್ರಕ್ರಿಯೆಯಲ್ಲಿ ಎಪಿಕ್ 9.5 ಕೋಟಿ ಡಾಲರಿಗೆ ಚೀನಾದ ಟಾಲ್ ಎಜುಕೇಶನ್ ಪಾಲಾಯಿತು. ಕತೆ ಓದುತ್ತಿದ್ದ ಮಕ್ಕಳಿಗೆ ನಾಲ್ಕು ವರ್ಷದಲ್ಲಿ ಎರಡು ಸಲ ಒಡೆಯರು ಬದಲಾದರು.

ಹೆಚ್ಚಿನ ಆಪ್‌ಗಳ ಗೋಪ್ಯತಾ ನೀತಿಯಲ್ಲಿ ಒಂದು ಸಾಲು ಇರುತ್ತದೆ: ಕಂಪನಿ ಮಾರಾಟವಾದರೆ ಬಳಕೆದಾರರ ಮಾಹಿತಿಯೂ ಕೊಂಡವರಿಗೆ ಹೋಗಬಹುದು. ನಾನು ಮೊದಲು ಹುಡುಕುವುದೇ ಆ ಸಾಲನ್ನು. ಪ್ಲೇ ಸ್ಟೋರಿನಲ್ಲಿ ಆಪ್ ಹೆಸರಿನ ಕೆಳಗೇ ಜಾಹೀರಾತು ಇದೆಯೇ, ಒಳಗೆ ಖರೀದಿ ಇದೆಯೇ ಎಂದು ಬರೆದಿರುತ್ತದೆ. ಡೆವಲಪರ್ ಹೆಸರು ಒತ್ತಿದರೆ ಅವರ ಬೇರೆ ಆಪ್‌ಗಳೂ ಕಾಣುತ್ತವೆ; ನಾಲ್ಕರಲ್ಲಿ ಮೂರು ಬಲೂನು ಒಡೆಯುವ ಆಟವಾದರೆ ಅಕ್ಷರ ಕಲಿಸುವ ಉಮೇದು ಎಷ್ಟಿದೆ ಎಂದು ಅಂದಾಜಾಗುತ್ತದೆ.

ಹುಡುಗಿಗೆ ಈಗ ಸ್ಟೋರಿವೀವರ್ ತೆಗೆದುಕೊಟ್ಟಿದ್ದೇನೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ್ದು. ಕನ್ನಡದ ಕತೆಗಳೂ ಉಂಟು, ಮುಕ್ತ ಪರವಾನಗಿಯಲ್ಲಿ. ಮೊದಲ ಪುಸ್ತಕ ತೆರೆದಾಗ ಅವಳು ಪ್ರತಿ ಪುಟದಲ್ಲೂ ಹಳದಿ ಬೀಗ ಹುಡುಕಿದಳು.