ಶಿಬಿರಕ್ಕೆ ಹೊರಟ ಮಕ್ಕಳು ಮತ್ತು ಜೊತೆಗೆ ಹೊರಟ ಪಾಲಕರು

ಮಳೆಗಾಲ ಮುಗಿದು ಚಳಿ ಆರಂಭವಾಗುತ್ತಿದ್ದಂತೆಯೇ ನಮ್ಮ ಶಾಲೆಗಳಲ್ಲಿ ಪರಿಸರ ಶಿಬಿರಗಳ ಸಿದ್ಧತೆ ನಡೆಯುತ್ತದೆ. ಒಂದು ತರಗತಿಯ ನಲವತ್ತು ಐವತ್ತು ಮಕ್ಕಳನ್ನು ಎರಡು ಮೂರು ದಿನಗಳ ಮಟ್ಟಿಗೆ ಮಲೆನಾಡಿನ ಕಾಡಿನಂಚಿಗೋ ಬೆಟ್ಟದ ತಪ್ಪಲಿಗೋ ಕರೆದೊಯ್ಯುವಾಗ, ಶಿಕ್ಷಕರೊಡನೆ ಕೆಲವು ಪಾಲಕರೂ ಬರಬೇಕೆಂದು ಶಾಲೆಯವರು ಕೇಳಿಕೊಳ್ಳುವುದುಂಟು. ಹಾಗೆ ಹೊರಟವರು ನಮ್ಮ ಚಿಕಿತ್ಸಾಲಯಕ್ಕೆ ಬಂದು, ಯಾವ ಯಾವ ಔಷಧಿಗಳನ್ನು ಒಯ್ಯಬೇಕೆಂದು ವಿಚಾರಿಸುತ್ತಾರೆ. ಔಷಧಿಯ ಪೆಟ್ಟಿಗೆ ಅವಶ್ಯವೇ ಸರಿ. ಆದರೆ ಅದನ್ನು ತೆರೆಯುವ ಪ್ರಸಂಗ ಬಾರದಂತೆ ನೋಡಿಕೊಳ್ಳುವುದು ಜೊತೆಗೆ ಹೋದವರ ಮೊದಲ ಕರ್ತವ್ಯ.

ಇದನ್ನು ನಾವು ಪುಸ್ತಕದಿಂದಷ್ಟೇ ಕಲಿತವರಲ್ಲ. ಸುಮಾರು 25 ವರ್ಷಗಳ ಹಿಂದೆ ನಮ್ಮ ಮಗನ ಏಳನೆಯ ತರಗತಿಯೊಡನೆ ನಾವೂ ಶಿವಮೊಗ್ಗ ಜಿಲ್ಲೆಯ ಒಂದು ಶಿಬಿರಕ್ಕೆ ಹೋಗಿದ್ದೆವು. ವೈದ್ಯರೊಬ್ಬರು ಜೊತೆಗಿದ್ದಾರೆಂದು ಶಿಕ್ಷಕರು ನಿಶ್ಚಿಂತರಾಗಿದ್ದರು. ನಾವಾದರೋ ಮಗನ ಕುತ್ತಿಗೆಗೆ ಮಫ್ಲರ್ ಸುತ್ತುವುದರಲ್ಲಿ, ಅವನಿಗೆ ಬಿಸಿನೀರು ಕುಡಿಸುವುದರಲ್ಲಿ ಮಗ್ನರಾಗಿದ್ದೆವು. ಎರಡನೆಯ ದಿನ ಸಂಜೆ ಬಾಲಕಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು. ಮೈ ಜ್ವರದಿಂದ ಸುಡುತ್ತಿತ್ತು. ಶಿಕ್ಷಕಿಯವರು ಒಂದು ಬದಿಗೆ ಕರೆದು ಕೇಳಿದಾಗ ಕಾರಣ ತಿಳಿಯಿತು. ಶಿಬಿರದ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ಹೇಳಿಕೊಳ್ಳಲು ನಾಚಿಕೊಂಡ ಆ ಮಗು ನೀರು ಕುಡಿಯುವುದನ್ನೇ ಬಿಟ್ಟು, ಮೂತ್ರವನ್ನು ತಡೆದುಕೊಂಡೇ ಎರಡು ದಿನ ಕಳೆದಿತ್ತು. ಅಂದು ರಾತ್ರಿಯೇ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಮೂತ್ರಕೋಶಕ್ಕೆ ಸೋಂಕು ತಗುಲಿತ್ತು. ದೇವರ ದಯೆಯಿಂದ ಬೇಗ ಗುಣವಾಯಿತು. ಮರುದಿನ ಬೆಳಿಗ್ಗೆ ಆ ಬಾಗಿಲಿಗೆ ನಾವು ಹಗ್ಗದ ಕುಣಿಕೆಯೊಂದನ್ನು ಕಟ್ಟಿದೆವು. ಮೊದಲ ದಿನವೇ ಮಾಡಬಹುದಾಗಿದ್ದ ಐದು ನಿಮಿಷದ ಕೆಲಸವದು.

ತಡೆಯಬಾರದ ವೇಗಗಳು

ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯಕ್ಕೆ 'ನವೇಗಾಂಧಾರಣೀಯ'ವೆಂದು ಹೆಸರು. ವೇಗವೆಂದರೆ ಶರೀರದಲ್ಲಿ ಸಹಜವಾಗಿ ಉಂಟಾಗುವ ಪ್ರೇರಣೆ. ಮಲ, ಮೂತ್ರ, ವಾಂತಿ, ಸೀನು, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ, ಶ್ರಮದ ಏದುಸಿರು ಮುಂತಾದ 13 ವೇಗಗಳನ್ನು ಹೆಸರಿಸಿ, ಇವನ್ನು ತಡೆದರೆ ರೋಗಗಳು ಹುಟ್ಟುತ್ತವೆಂದು ಆಚಾರ್ಯರು ಎಚ್ಚರಿಸಿದ್ದಾರೆ. ಮನೆಯಲ್ಲಿ ಮಗು ಇವನ್ನು ತಡೆಯುವುದಿಲ್ಲ. ಬೇಕೆನಿಸಿದಾಗ ತಾಯಿಯನ್ನು ಕರೆಯುತ್ತದೆ. ಶಿಬಿರದಲ್ಲಿ ಶಿಕ್ಷಕರ ಭಯ, ಗೆಳೆಯರ ನಗೆ, ಹೊಸ ಸ್ಥಳದ ಸಂಕೋಚಗಳು ಸೇರಿ ಮಗುವಿನ ಬಾಯಿ ಕಟ್ಟುತ್ತವೆ. ಆದ್ದರಿಂದ ಮಗು ಕೇಳುವ ಮೊದಲೇ ಅನುಕೂಲ ಕಲ್ಪಿಸುವುದು ಪಾಲಕರ ಕೆಲಸ.

ಮಲಮೂತ್ರ: ಶಿಬಿರ ತಲುಪಿದೊಡನೆ ಶೌಚಾಲಯವನ್ನು ಸ್ವತಃ ನೋಡಿ ಬರಬೇಕು. ಚಿಲಕ, ನೀರು, ಬಕೆಟ್, ಸಾಬೂನು, ರಾತ್ರಿಯ ದೀಪ ಇವೆಯೇ ಎಂಬುದನ್ನು ಪರೀಕ್ಷಿಸಬೇಕು. ಪ್ರಯಾಣದಲ್ಲಿ ಎರಡು ಗಂಟೆಗೊಮ್ಮೆ ಬಸ್ಸನ್ನು ನಿಲ್ಲಿಸಿ, ಯಾರಿಗೆ ಅವಶ್ಯವೆಂದು ಕೇಳದೆ ಎಲ್ಲರನ್ನೂ ಇಳಿಸುವುದು ಲೇಸು. ಮುಟ್ಟಾಗುವ ವಯಸ್ಸಿನ ಬಾಲಕಿಯರಿಗೆ ಬೇಕಾದ ಪ್ಯಾಡುಗಳು ಒಬ್ಬ ತಾಯಿಯ ಚೀಲದಲ್ಲಿರಲಿ; ಯಾರ ಬಳಿ ಕೇಳಬೇಕೆಂಬುದು ಹೊರಡುವ ಮೊದಲೇ ಅವರಿಗೆ ತಿಳಿದಿರಲಿ. ಸ್ಥಳ ಬದಲಾದಾಗ ಮಲಬದ್ಧತೆ ಸಾಮಾನ್ಯ. ಬೆಳಿಗ್ಗೆ ಒಂದು ಲೋಟ ಬಿಸಿನೀರು ಕೊಟ್ಟು, ಅವಸರಿಸದೆ ಸಮಯ ಕೊಟ್ಟರೆ ಬಹುಪಾಲು ಸರಿಹೋಗುತ್ತದೆ.

ಬಾಯಾರಿಕೆ ಮತ್ತು ಹಸಿವು: ನಡಿಗೆಯಲ್ಲಿ ಅರ್ಧ ಗಂಟೆಗೊಮ್ಮೆ ನಿಂತು ಎಲ್ಲರೂ ನೀರು ಕುಡಿಯಬೇಕು. ಕುದಿಸಿ ಆರಿಸಿದ ನೀರೇ ಆಗಬೇಕು. ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಲು ಯೋಗ್ಯವಲ್ಲ. ಬೆಳಗಿನ ಉಪಾಹಾರವಿಲ್ಲದೆ ಯಾವ ಮಗುವನ್ನೂ ಬೆಟ್ಟ ಹತ್ತಿಸಬಾರದು. ಭೇದಿಯಾದರೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಓ.ಆರ್.ಎಸ್. ಪೊಟ್ಟಣವನ್ನು ಪೂರ್ತಿ ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು. ಪೊಟ್ಟಣವಿಲ್ಲದಿದ್ದಲ್ಲಿ ಅಷ್ಟೇ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಸಾಕು.

ವಾಂತಿ: ಘಟ್ಟದ ತಿರುವುಗಳಲ್ಲಿ ಕೆಲವು ಮಕ್ಕಳಿಗೆ ಓಕರಿಕೆ ಬರುತ್ತದೆ. ಅಂಥವರನ್ನು ಮುಂದಿನ ಆಸನದಲ್ಲಿ ಕೂರಿಸಿ, ಲಘು ಆಹಾರ ಕೊಟ್ಟು, ಶುಂಠಿಯ ಸಣ್ಣ ಚೂರನ್ನು ಸಕ್ಕರೆಯೊಡನೆ ಬಾಯಲ್ಲಿಡಬಹುದು. ವಾಂತಿ ಬಂದೇ ಬಂದರೆ ಗದರದೆ ಬಸ್ಸು ನಿಲ್ಲಿಸಬೇಕು.

ಏದುಸಿರು: ಸಾಲಿನ ಮುಂದೊಬ್ಬರು, ಹಿಂದೊಬ್ಬರು ಹಿರಿಯರಿರಬೇಕು. ಎಲ್ಲರಿಗಿಂತ ನಿಧಾನವಾಗಿ ನಡೆಯುವ ಮಗುವಿನ ವೇಗವೇ ಇಡೀ ತಂಡದ ವೇಗವಾಗಲಿ. ಆಸ್ತಮಾ ಇರುವ ಮಗುವಿನ ಇನ್ಹೇಲರ್ ಬಸ್ಸಿನ ಪೆಟ್ಟಿಗೆಯಲ್ಲಿ ಉಳಿಯದೆ ಸದಾ ಕೈಗೆ ಸಿಗುವಂತಿರಬೇಕು.

ನಿದ್ರೆ ಮತ್ತು ಕಣ್ಣೀರು: ಮೊದಲ ರಾತ್ರಿ ಮಕ್ಕಳು ಹರಟುತ್ತ ನಿದ್ರೆಗೆಡುತ್ತಾರೆ; ಮರುದಿನದ ಎಡವಿಕೆ, ಬೀಳುವಿಕೆಗಳಿಗೆ ಅದೇ ಕಾರಣವಾಗುತ್ತದೆ. ಕನಿಷ್ಠ 9 ಗಂಟೆಗಳ ನಿದ್ರೆ ಬೇಕು. ದೀಪ ಆರಿದ ಮೇಲೆ ಮನೆ ನೆನೆದು ಅಳುವ ಮಗುವಿಗೆ, ಇಷ್ಟು ದೊಡ್ಡವನಾಗಿ ಅಳುವುದೇ ಎನ್ನಬಾರದು. ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತರೆ ಸಾಕು. ಹಾಸಿಗೆ ಒದ್ದೆಯಾದರೆ ಬೇರೆ ಮಕ್ಕಳಿಗೆ ತಿಳಿಯದಂತೆ ಬದಲಿಸುವುದು ದೊಡ್ಡ ಉಪಕಾರ.

ಮನೆಮದ್ದಿನ ಮಿತಿ

ನೆಗಡಿಗೆ ತುಳಸಿ ಶುಂಠಿಯ ಕಷಾಯ, ತರಚು ಗಾಯಕ್ಕೆ ಸಾಬೂನು ನೀರಿನ ತೊಳೆತ, ಇಷ್ಟಕ್ಕೆ ಪಾಲಕರ ವೈದ್ಯ ಸಾಕು. ಆಯುರ್ವೇದದ ವೈದ್ಯರಾಗಿಯೇ ನಾವು ಸ್ಪಷ್ಟವಾಗಿ ಹೇಳುತ್ತೇವೆ: ಹಾವು ಕಚ್ಚಿದಾಗ ಸೊಪ್ಪಿನ ರಸ, ಮಂತ್ರ, ನಾಟಿ ಮದ್ದುಗಳೆಂದು ಒಂದು ಕ್ಷಣವನ್ನೂ ಕಳೆಯಬಾರದು. ಗಾಯವನ್ನು ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಮಗುವನ್ನು ನಡೆಸದೆ, ಕಚ್ಚಿದ ಅಂಗ ಅಲುಗದಂತೆ ಇರಿಸಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು. ಅಂಥ ಆಸ್ಪತ್ರೆ ಎಲ್ಲಿದೆ, ಎಷ್ಟು ದೂರ, 108ಕ್ಕೆ ಕರೆ ಮಾಡಲು ಶಿಬಿರದಲ್ಲಿ ಮೊಬೈಲ್ ಸಂಪರ್ಕ ಸಿಗುವುದೆಲ್ಲಿ ಎಂಬುದನ್ನು ಹೋದ ದಿನವೇ ತಿಳಿದಿರಬೇಕು. ಹೊಳೆ, ಕೆರೆ, ಜಲಪಾತಗಳ ನೀರಿಗೆ ಮಕ್ಕಳನ್ನು ಇಳಿಸಲೇಬಾರದು. ಈ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು.

ಮಲೆನಾಡಿಗೆ ಹೋಗುವವರು ಮಂಗನ ಕಾಯಿಲೆಯನ್ನೂ ಅರಿತಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ಉಣುಗುಗಳ ಕಡಿತದಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಹಾವಳಿ ಹೆಚ್ಚು. ನಮ್ಮ ಶಿಬಿರಗಳ ಕಾಲವೂ ಅದೇ. ಕಾಯಿಲೆ ಕಾಣಿಸಿಕೊಂಡ ಪ್ರದೇಶವೇ ಎಂದು ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ಮೊದಲೇ ವಿಚಾರಿಸಿ, ಹೌದಾದರೆ ಮಕ್ಕಳನ್ನು ಕಾಡಿನೊಳಗೆ ಒಯ್ಯಬಾರದು. ಉಳಿದೆಡೆಯಲ್ಲಿಯೂ ತುಂಬುತೋಳಿನ ಅಂಗಿ ತೊಡಿಸಿ, ತರಗೆಲೆಗಳ ಮೇಲೆ ಕೂರದಂತೆ ನೋಡಿಕೊಂಡು, ಸಂಜೆ ಮೈಯನ್ನು ಪರೀಕ್ಷಿಸಿ ಬಿಸಿನೀರಿನ ಸ್ನಾನ ಮಾಡಿಸಬೇಕು. ಹಿಂದಿರುಗಿದ ಎರಡು ವಾರಗಳೊಳಗೆ ಜ್ವರ ಬಂದರೆ, ಮಗು ಕಾಡಿಗೆ ಹೋಗಿತ್ತೆಂಬ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ತಡೆಯಬೇಕಾದ ವೇಗಗಳು

ಅದೇ ಅಧ್ಯಾಯದಲ್ಲಿ ಚರಕಾಚಾರ್ಯರು ತಡೆಯಲೇಬೇಕಾದ ವೇಗಗಳನ್ನೂ ಹೇಳಿದ್ದಾರೆ. ಲೋಭ, ಶೋಕ, ಭಯ, ಕ್ರೋಧ, ಈರ್ಷ್ಯೆ, ಅತಿರಾಗ ಮೊದಲಾದ ಮನಸ್ಸಿನ ವೇಗಗಳವು. ಮೊದಲಿನ ಪಟ್ಟಿಯನ್ನು ಮಕ್ಕಳಿಗಾಗಿ ನೆನಪಿಡಬೇಕಾದರೆ, ಎರಡನೆಯದನ್ನು ಪಾಲಕರು ತಮಗಾಗಿ ನೆನಪಿಡಬೇಕು. ಮಗು ಬಂಡೆ ಹತ್ತುವಾಗ ನಾವು ಕಿರುಚಿದರೆ ಅದರ ಕಾಲು ನಡುಗುತ್ತದೆ. ಸಣ್ಣ ತಪ್ಪಿಗೆ ಸಿಡುಕಿದರೆ ನಾಳೆ ನೋವನ್ನೂ ಅದು ಹೇಳಿಕೊಳ್ಳದು. ಎಲ್ಲಕ್ಕಿಂತ ಕಠಿಣವಾದುದು ಅತಿರಾಗ. ತನ್ನ ಮಗುವಿಗೆ ಮಾತ್ರ ತಿಂಡಿಯ ಡಬ್ಬಿ, ತನ್ನ ಮಗುವಿನ ಹಾಸಿಗೆಯನ್ನು ಮಾತ್ರ ಸರಿಪಡಿಸುವುದು ಉಳಿದ ಮಕ್ಕಳ ಮನಸ್ಸನ್ನು ನೋಯಿಸುತ್ತದೆ. ಆ ಮಗುವನ್ನೂ ಗೆಳೆಯರ ನಡುವೆ ಮುಜುಗರಕ್ಕೀಡುಮಾಡುತ್ತದೆ. ಅಂದು ನಮ್ಮ ಕಣ್ಣುಗಳನ್ನು ಮುಚ್ಚಿದ್ದೂ ಈ ಅತಿರಾಗವೇ.

ಮಠದ ದಾಸೋಹದ ಪಂಕ್ತಿಯಲ್ಲಿ ಬಡಿಸುವವರು ಮುಖ ನೋಡಿ ಬಡಿಸುವುದಿಲ್ಲ. ಯಾರ ಎಲೆ ಬರಿದಾಗಿದೆಯೆಂದು ನೋಡುತ್ತಾರೆ. ಶಿಬಿರಕ್ಕೆ ಹೋದ ಪಾಲಕರ ದೃಷ್ಟಿಯೂ ಹಾಗಿರಲಿ. ಪ್ರತಿ ರಾತ್ರಿ ಮಲಗುವ ಮೊದಲು ಮಕ್ಕಳನ್ನು ಎಣಿಸಿ, ಒಬ್ಬೊಬ್ಬರ ಬಳಿಗೂ ಹೋಗಿ ನೀರು, ಊಟ, ಶೌಚ, ನೋವುಗಳ ವಿಷಯವನ್ನು ಮೆಲುದನಿಯಲ್ಲಿ ವಿಚಾರಿಸಿರಿ. ಮಾತು ಕಡಿಮೆಯಿರುವ ಮಗುವಿನ ಬಳಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಿರಿ.