ಪಹಣಿಯನ್ನು ಶೀಘ್ರವಾಗಿ ಹುಡುಕುವ ಕ್ರಮ

ಭೂಮಿ ಯೋಜನೆಯಡಿ 2000ರ ದಶಕದ ಆರಂಭದಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಇವುಗಳಲ್ಲಿ ಒಂದನ್ನು ಬೇಗನೆ ಪಡೆಯಲು ಹುಡುಕಾಟದ ವ್ಯಾಪ್ತಿಯನ್ನು ಮೊದಲೇ ಕಿರಿದುಗೊಳಿಸುವುದು ಅವಶ್ಯಕ. ಮಾಲೀಕರ ಹೆಸರಿನಿಂದ ಹುಡುಕಿದಲ್ಲಿ ಗ್ರಾಮದ ಪಟ್ಟಿಯನ್ನೇ ಪರಿಶೀಲಿಸಬೇಕಾಗುತ್ತದೆ. ಒಂದೇ ಹೆಸರಿನವರು ಹಲವರಿದ್ದಲ್ಲಿ ಅನ್ಯರ ಪಹಣಿ ಕೈಸೇರುವ ಸಂಭವವೂ ಉಂಟು. ಸರ್ವೆ ಹಾಗೂ ಹಿಸ್ಸಾ ಸಂಖ್ಯೆ ನಮೂದಿಸಿದಲ್ಲಿ ಸಂಬಂಧಿಸಿದ ದಾಖಲೆಯು ನೇರವಾಗಿ ದೊರೆಯುತ್ತದೆ.

ಕಲಬುರಗಿ ಜಿಲ್ಲೆಯ ಸೇಡಂ, ಚಿಂಚೋಳಿ, ಚಿತ್ತಾಪುರ ಭಾಗದ ಅರ್ಜಿದಾರರು ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಇದೇ ಕ್ರಮದಲ್ಲಿ ಆಯ್ಕೆ ಮಾಡತಕ್ಕದ್ದು. ವಾಡಿಯು ಚಿತ್ತಾಪುರ ತಾಲ್ಲೂಕಿಗೆ ಸೇರಿದೆ. ಹಿಂದೆ ಅದೇ ತಾಲ್ಲೂಕಿನಲ್ಲಿದ್ದ ಶಹಾಬಾದ್ ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಬೆಳೆ ಸಾಲ, ಬೆಳೆ ವಿಮೆಗಳ ಕೊನೆಯ ದಿನಾಂಕದೊಳಗೆ ಪಹಣಿ ಒದಗಿಸಬೇಕಾದವರು ಹಳೆಯ ಪ್ರತಿಯಲ್ಲಿನ ಸರ್ವೆ, ಹಿಸ್ಸಾ ಸಂಖ್ಯೆಗಳನ್ನು ಮುಂಚಿತವಾಗಿ ಗುರುತಿಸಿಕೊಳ್ಳುವುದು ಸೂಕ್ತ.