ಹಳೆಯ ಸಿಂಥಸೈಜರ್ ಕೊಳ್ಳುವ ಮುನ್ನ

ಶಹಾಪುರದ ಕಡೆ ಹಳೆಯ ಹಾರ್ಮೋನಿಯಂ ಕೊಳ್ಳುವವರು ಮೊದಲು ತಿದಿ ಒತ್ತಿ ನೋಡುತ್ತಾರೆ, ಆಮೇಲೆ ಒಂದೊಂದು ಸ್ವರವನ್ನೂ ನುಡಿಸಿ ಕೇಳುತ್ತಾರೆ. ಹಳೆಯ ಸಿಂಥಸೈಜರಿಗೂ ಅದೇ ಎಚ್ಚರ ಬೇಕು. ಹಾರ್ಮೋನಿಯಂನಲ್ಲಿ ಗಾಳಿಯಿಂದ ರೀಡು ಕಂಪಿಸಿ ನಾದ ಹುಟ್ಟುತ್ತದೆ. ಇಲ್ಲಿ ನಾದ ಹುಟ್ಟುವುದು ವಿದ್ಯುತ್ತಿನಿಂದ.

ದೊಡ್ಡ ಹೆಸರಿಗೆ ಮರುಳಾಗಬೇಡಿ. 1984ರ ರೋಲ್ಯಾಂಡ್ ಜೂನೊ-106 ಇಂದು ದುಬಾರಿ. ಅದು ಒಮ್ಮೆಗೆ ಆರು ಸ್ವರ ನುಡಿಸುತ್ತದೆ, ಸ್ವರಕ್ಕೊಂದು ಚಿಪ್. ಈ ಚಿಪ್‌ಗಳು ಕೆಡುವುದೂ ಸಾಮಾನ್ಯ. ಒಂದೇ ಕೀಯನ್ನು ಆರು ಸಲ ಒತ್ತಿ. ಒಂದು ಸಲ ನಾದ ಬಾರದಿದ್ದರೆ ಚಿಪ್ ಕೆಟ್ಟಿರಬಹುದು. 1983ರ ಯಮಾಹಾ ಡಿಎಕ್ಸ್-7ರ ಒಳಗಿನ ಬ್ಯಾಟರಿ ಮುಗಿದರೆ ಉಳಿಸಿಟ್ಟ ನಾದಗಳು ಅಳಿಯುತ್ತವೆ.

ಕಡಿಮೆ ಹಣವಿದ್ದರೆ ಕ್ಯಾಸಿಯೊ ಸಿಜಡ್-101 ಹುಡುಕಿ. ಚಿಕ್ಕ ಗಾತ್ರದ 49 ಕೀಗಳು. ಬ್ಯಾಟರಿಯಿಂದಲೂ ನಡೆಯುವುದರಿಂದ ಕರೆಂಟ್ ಹೋದರೂ ಅಭ್ಯಾಸ ನಿಲ್ಲದು. ಈ ಮೂರಕ್ಕೂ ಸ್ವಂತ ಸ್ಪೀಕರ್ ಇಲ್ಲ; ಹೆಡ್‌ಫೋನಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ವಾದ್ಯದ ಹಿಂಭಾಗದಲ್ಲಿ ಬರೆದ ವೋಲ್ಟೇಜನ್ನು ತಪ್ಪದೆ ಓದಿ. ಜಪಾನಿನಲ್ಲಿ 100, ಅಮೆರಿಕದಲ್ಲಿ 120, ನಮ್ಮಲ್ಲಿ 230. ಅಲ್ಲಿಯ ವಾದ್ಯವನ್ನು ನಮ್ಮ ಪ್ಲಗ್ಗಿಗೆ ನೇರವಾಗಿ ಹಾಕಿದರೆ ಸುಟ್ಟೀತು.

ಹಣದಲ್ಲಿ ಒಂದು ಪಾಲು ದುರಸ್ತಿಗೆ ಇರಲಿ. ನುಡಿಸಿ ನೋಡಲು ಬಿಡದ ವಾದ್ಯ ಎಷ್ಟೇ ಅಗ್ಗವಾದರೂ ಬೇಡ.